ಹೆಸರಿಟ್ಟವನು ಅವನು, ನೋಂದಾಯಿಸಿದವನು ನಾನು

ನಾಗಪುರದ ಇತವಾರಿ ಬಜಾರಿನಲ್ಲಿ ನಡೆದು ಹೋಗುವಾಗ ನನ್ನ ಕತ್ತು ಈಗಲೂ ತಾನಾಗಿ ಮೇಲೆ ಏಳುತ್ತದೆ. ಅಂಗಡಿಗಳ ಬೋರ್ಡಿನ ಕೆಳಗೆ ಸಣ್ಣ ಅಕ್ಷರಗಳಲ್ಲಿ ವೆಬ್‌ಸೈಟಿನ ಹೆಸರು ಬರೆಸಿರುತ್ತಾರಲ್ಲ, ಅದನ್ನು ಓದುತ್ತೇನೆ. ಕೈಗಾಡಿಯವರು ‘ಬಾಜೂ, ಬಾಜೂ’ ಎಂದು ಕೂಗುತ್ತಿರುತ್ತಾರೆ, ಟೆಂಪೋದವನು ಹಾರ್ನು ಒತ್ತಿ ಹಿಡಿದಿರುತ್ತಾನೆ, ನಾನು ಮಾತ್ರ ತಲೆಯೆತ್ತಿ ನಿಂತಿರುತ್ತೇನೆ. ಅಲ್ಲಿಯ ಎಷ್ಟೋ ಹೆಸರುಗಳನ್ನು ನೋಂದಾಯಿಸಿದ್ದು ಈ ಕೈ. ಆದರೆ ಅವುಗಳಲ್ಲಿ ಒಂದನ್ನೂ ಇಟ್ಟವನು ನಾನಲ್ಲ. ಚಂದದ ಹೆಸರು ಕಂಡಿತೆಂದರೆ ಅದು ನನ್ನ ಜೊತೆ ಕೆಲಸ ಮಾಡುತ್ತಿದ್ದ ಪ್ರಸನ್ನನದೇ ಇರುತ್ತದೆ. ಕೆಲಸ ಬಿಟ್ಟು ಎರಡು ವರ್ಷ ದಾಟಿದರೂ ನನ್ನ ಹೊಟ್ಟೆ ಉರಿಯುವುದು ನಿಂತಿಲ್ಲ.

ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ಉಪಯೋಗವಾಗಲಿ, ಅನುಭವ ಬರೆದುಕೊಡಿ ಎಂದು ನಾಗಪುರದ ನಮ್ಮ ಕನ್ನಡ ಬಳಗದವರು ಕೇಳಿದರು. ಮೊದಲು ಪ್ರಸನ್ನನನ್ನೇ ಕೇಳಿದ್ದರಂತೆ. ಅವನು ‘ನನಗೇನು ಗೊತ್ತು, ಕಟ್ಟಿ ಸಾರ್ ಬರೀಲಿ, ಅವರಿಗೇ ಎಲ್ಲಾ ಗೊತ್ತಿರೋದು’ ಎಂದನಂತೆ. ಇಂಥ ಮಾತುಗಳಿಂದಲೇ ಅವನು ನನ್ನ ಅರ್ಧ ಆಯುಷ್ಯ ತಿಂದದ್ದು.

ಕಟ್ಟಿ ಅಂದರೆ ನಾನು, ಶ್ರೀಪಾದ ಕಟ್ಟಿ. ಅಪ್ಪ ಧಾರವಾಡದ ಕಡೆಯಿಂದ ಇಲ್ಲಿಯ ಆರ್ಡನನ್ಸ್ ಫ್ಯಾಕ್ಟರಿಗೆ ಬಂದರು, ನಾನು ಇಲ್ಲೇ ಬೆಳೆದೆ, ಇಲ್ಲೇ ಉಳಿದೆ. ಊರ ನಡುವಿನ ಬರ್ಡಿ ಪೇಟೆಯಲ್ಲಿ ದೇಶಮುಖ ಸಾಹೇಬರದೊಂದು ಕಚೇರಿ ಇತ್ತು. ಮೊದಲು ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡು ಮಾಡುತ್ತಿದ್ದರು. ಆಮೇಲೆ ಎಲ್ಲರಿಗೂ ವೆಬ್‌ಸೈಟಿನ ಹುಚ್ಚು ಹಿಡಿದಾಗ ಸಾಹೇಬರು ಅದನ್ನೂ ಶುರು ಮಾಡಿದರು. ಹೆಸರು ಹುಡುಕುವುದು, ಖಾಲಿ ಇದೆಯೇ ನೋಡುವುದು, ನೋಂದಾಯಿಸುವುದು, ವರ್ಷವರ್ಷ ನವೀಕರಿಸುವುದು ನನ್ನ ಪಾಲಿಗೆ ಬಂತು.

ಕೆಲಸದ ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಸಿಟ್ಟಿನಲ್ಲಿ ಮರೆತು ಹೋದೀತು. ವೆಬ್‌ಸೈಟಿನ ಹೆಸರನ್ನು ಯಾರೂ ಪೂರ್ತಿ ಕೊಳ್ಳುವುದಿಲ್ಲ, ಬಾಡಿಗೆ ಮನೆಯ ಹಾಗೆ ಅವಧಿಗೆ ಇಷ್ಟು ಎಂದು ಕಟ್ಟಿ ಇಟ್ಟುಕೊಳ್ಳುತ್ತಾರೆ. ಕಟ್ಟುವುದು ತಪ್ಪಿದರೆ ಸ್ವಲ್ಪ ದಿನ ಕಾಯುತ್ತಾರೆ, ಆಮೇಲೆ ಅದು ಯಾರಿಗೆ ಬೇಕಾದರೂ ಸಿಗುತ್ತದೆ. ನೋಂದಾಯಿಸುವಾಗ ಮಾಲೀಕರ ಹೆಸರು, ಫೋನು, ಇ-ಮೇಲು ಕೇಳುತ್ತದೆ. ಗಿರಾಕಿಗಳಿಗೆ ಆ ಜಾಗವೆಂದರೆ ಅಸಡ್ಡೆ. ‘ನಿಮ್ಮದೇ ಹಾಕ್ರಿ’, ‘ನಮ್ಮ ಅಳಿಯಂದು ಹಾಕ್ರಿ, ಅಂವಗ ಕಂಪ್ಯೂಟರ್ ಬರ್ತದ’ ಎನ್ನುತ್ತಾರೆ. ಹಾಕಬೇಡಿ. ಆ ಜಾಗದಲ್ಲಿ ಯಾರ ಹೆಸರಿದೆಯೋ ಅಂಗಡಿಯ ಹೆಸರು ಅವರದು. ಬೋರ್ಡು, ಗಲ್ಲಾ, ಗೋಡೆಯ ಮೇಲಿನ ಅಜ್ಜನ ಫೋಟೋ ಯಾವುದೂ ಅಲ್ಲಿ ಲೆಕ್ಕಕ್ಕಿಲ್ಲ.

ಇನ್ನು ಮುಹೂರ್ತದ ವಿಷಯ. ನಮ್ಮೂರಿನ ವ್ಯಾಪಾರಿಗಳು ಹೆಸರನ್ನೂ ಬಂಗಾರ ಕೊಂಡ ಹಾಗೆಯೇ ಕೊಳ್ಳುತ್ತಾರೆ. ಪಾಡ್ಯ ಬೇಕು, ದಸರಾ ಬೇಕು, ಅಕ್ಷಯ ತೃತೀಯ ಬೇಕು. ಮೌದಾದ ವಿದ್ಯುತ್ ಸ್ಥಾವರಕ್ಕೆ ಕೂಲಿಯಾಳುಗಳನ್ನು ಒದಗಿಸುವ ಒಬ್ಬ ಗುತ್ತಿಗೆದಾರರು ನಮ್ಮಲ್ಲಿ ಬಂದು ಒಂದು ಹೆಸರು ಆರಿಸಿದರು. ಖಾಲಿ ಇತ್ತು. ನಾನು ಒತ್ತಬೇಕು ಅನ್ನುವಷ್ಟರಲ್ಲಿ ‘ಥಾಂಬಾ, ತಡೀರಿ, ಈಗ ಪಿತೃಪಕ್ಷ, ಹೊಸದೇನೂ ತಗೊಳ್ಳೋ ಹಾಗಿಲ್ಲ’ ಎಂದು ಕೈ ಹಿಡಿದರು. ನಾನೂ ಒಪ್ಪಿ ಬಿಟ್ಟೆ. ಅವರು ಸುಮ್ಮನಿದ್ದರೆ ಏನೂ ಆಗುತ್ತಿರಲಿಲ್ಲ. ಮೌದಾದ ತುಂಬ ಹೆಸರು ಸಾರಿಕೊಂಡು ಪೇಢೆ ಹಂಚಿದರು. ಪಕ್ಷ ಮುಗಿಸಿಕೊಂಡು ಬರುವಷ್ಟರಲ್ಲಿ ಅವರ ಪೇಢೆ ತಿಂದವರೇ ಯಾರೋ ಹೆಸರನ್ನೂ ತಿಂದು ಕೂತಿದ್ದರು.

ಗುತ್ತಿಗೆದಾರರು ನನ್ನ ಮೇಜು ಗುದ್ದಿ ಕೂಗಾಡಿದರು. ದೇಶಮುಖ ಸಾಹೇಬರು ಹೊರಗೆ ಬಂದು ಅವರಿಗಿಂತ ಜೋರಾಗಿ ನನ್ನ ಮೇಲೆ ಕೂಗಾಡಿದರು. ಅವತ್ತು ಸಾಹೇಬರ ಕೋಣೆಯಲ್ಲಿ ಕೆಲಸ ಕೇಳಿಕೊಂಡು ಬಂದ ಒಬ್ಬ ತೆಳ್ಳಗಿನ ಯುವಕ ಕೂತಿದ್ದ. ಮೈಸೂರಿನವನು. ಹೆಂಡತಿ ಇಲ್ಲಿಯ ಆಸ್ಪತ್ರೆಯಲ್ಲಿ ಡಾಕ್ಟರು, ಅವಳ ಹಿಂದೆ ಊರು ಬಿಟ್ಟು ಬಂದಿದ್ದ. ಅವನು ಎದ್ದು ಬಂದು, ಹರಕು ಮುರುಕು ಹಿಂದಿಯಲ್ಲಿ, ‘ನೀವು ಬೆಳಗ್ಗೆ ಸ್ಥಾವರದ ಗೇಟಿಗೆ ಹೋದಾಗ ಮೊದಲು ಏನು ಹೇಳ್ತೀರಿ?’ ಎಂದು ಕೇಳಿದ.

‘ಏನು ಹೇಳ್ತೀನಿ? ಮಾಣಸಂ ಹಾಜರ್ ಅಂತೀನಿ. ಆಳುಗಳು ಬಂದ್ರು ಅಂತ.’

‘ಅದನ್ನೇ ಇಡಿ. ಹಾಜರ್.’

ಗುತ್ತಿಗೆದಾರರ ಮುಖ ಬೆಳಗಿಬಿಟ್ಟಿತು. ಸಾಹೇಬರು ‘ಕಾಯ್ ನಾವ್ ಶೋಧಲಂ!’, ಎಂಥ ಹೆಸರು ಹುಡುಕಿದೆಯೋ ಎಂದು ಬೆನ್ನು ತಟ್ಟಿದರು. ಕೆಲಸದ ಸಂದರ್ಶನ ಅಲ್ಲಿಗೇ ಮುಗಿಯಿತು. ನಾನು ಅದನ್ನು ಟೈಪು ಮಾಡಿದೆ, ಖಾಲಿ ಇತ್ತು, ಅದೇ ಕ್ಷಣ ನೋಂದಾಯಿಸಿದೆ. ಮಾರನೆಯ ದಿನ ಪೇಢೆಯ ಡಬ್ಬಿ ಬಂತು, ಪ್ರಸನ್ನನ ಹೆಸರಿಗೆ.

ಆ ಗುತ್ತಿಗೆದಾರರಿಂದ ನಾನು ಒಂದು ಪಾಠ ಕಲಿತೆ, ನೀವೂ ಕಲಿಯಿರಿ. ಮುಹೂರ್ತ ಕೇಳುವವರೊಂದಿಗೆ ವಾದ ಮಾಡಬೇಡಿ. ಹೆಸರು ಹಿಡಿಯುವುದು ಇವತ್ತು, ಬೋರ್ಡು ಏರಿಸುವುದು ಮುಹೂರ್ತಕ್ಕೆ ಎಂದು ಹೇಳಿ. ಹತ್ತರಲ್ಲಿ ಒಂಬತ್ತು ಜನ ಒಪ್ಪುತ್ತಾರೆ. ಹತ್ತನೆಯವರ ಕತೆ ಮುಂದೆ ಬರುತ್ತದೆ.

ಅಂದಿನಿಂದ ನಮ್ಮ ಕಚೇರಿಯ ಪದ್ಧತಿಯೇ ಹಾಗಾಯಿತು. ಗಿರಾಕಿ ಬಂದರೆ ಪ್ರಸನ್ನ ಎದುರು ಕೂತು ಚಹಾ ಕುಡಿಯುತ್ತ ಒಂದು ಪ್ರಶ್ನೆ ಕೇಳುತ್ತಿದ್ದ, ಗಿರಾಕಿ ಏನೋ ಒಂದು ಹೇಳುತ್ತಿದ್ದರು, ಅದರೊಳಗಿಂದ ಅವನು ಹೆಸರು ಎತ್ತಿ ಕೊಡುತ್ತಿದ್ದ. ಸಾಹೇಬರು ಅವನಿಗೆ ‘ವಾಹ್’ ಎನ್ನುತ್ತಿದ್ದರು. ನನ್ನ ಕಡೆ ತಿರುಗಿ ‘ಕಟ್ಟಿ, ಜಲ್ದಿ’ ಎನ್ನುತ್ತಿದ್ದರು. ಅಷ್ಟು ವರ್ಷಗಳಲ್ಲಿ ಸಾಹೇಬರು ನನಗೆ ಕೊಟ್ಟ ಬಿರುದು ಅದೊಂದೇ.

ನಾನೇನು ಸುಮ್ಮನೆ ಕೂಡಲಿಲ್ಲ. ಅವನು ರಜೆಯಲ್ಲಿದ್ದಾಗ ಒಮ್ಮೆ ಇತವಾರಿಯ ಒಬ್ಬ ಹಾರ್ಡ್‌ವೇರ್ ವ್ಯಾಪಾರಿಗೆ ಅದೇ ಪ್ರಶ್ನೆ ಕೇಳಿದೆ. ‘ಸೇಟ್‌ಜೀ, ಬೆಳಗ್ಗೆ ಶಟರ್ ಎತ್ತಿದ ಕೂಡಲೇ ಮೊದಲು ಏನು ಹೇಳುತ್ತೀರಿ?’ ಸೇಟ್‌ಜೀ ಪ್ರಾಮಾಣಿಕ ಮನುಷ್ಯ. ತಡವಾಗಿ ಬಂದ ಹಮಾಲನಿಗೆ ತಾನು ಹೇಳುವುದನ್ನು ಇದ್ದದ್ದು ಇದ್ದ ಹಾಗೆ ಹೇಳಿದರು. ಅದನ್ನು ಯಾವ ದೇಶದಲ್ಲಿಯೂ ನೋಂದಾಯಿಸಲು ಬರುವುದಿಲ್ಲ. ಪ್ರಸನ್ನ ರಜೆಯಿಂದ ಬಂದು, ಅದೇ ಸೇಟ್‌ಜೀಯ ಹತ್ತಿರ ಮತ್ತೇನೋ ಕೇಳಿ, ಚಹಾ ಆರುವುದರೊಳಗೆ ಹೆಸರು ತೆಗೆದ. ಸೇಟ್‌ಜೀ ಮಗಳ ಮದುವೆಗೆ ಅವನಿಗೆ ಬೇರೆಯೇ ಪತ್ರಿಕೆ ಕೊಟ್ಟರು. ನನಗೆ ಬಂದ ಪತ್ರಿಕೆಯ ಮೇಲೆ ‘ಸಮಸ್ತ ಸ್ಟಾಫ್’ ಎಂದಿತ್ತು. ಆ ಮದುವೆಯಿಂದ ಬಂದು ಅವನು ಜಿಲೇಬಿ ಹೇಗಿತ್ತು ಎಂದು ವರ್ಣಿಸತೊಡಗಿದಾಗ ನಾನು ಅವನೊಂದಿಗೆ ಮಾತು ಬಿಟ್ಟೆ. ಕೆಲಸದ ಮಾತೂ ಇಲ್ಲ, ಏನಿದ್ದರೂ ಚೀಟಿ.

ಇಂದುಕಾಕೂ ಬಂದದ್ದು ಅದೇ ದಿನಗಳಲ್ಲಿ. ಬೆಳಗಾವಿ ಕಡೆಯವರು, ಯಜಮಾನರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದರು. ನನ್ನ ಅವ್ವನ ಗೆಳತಿ, ಊರಿಗೆಲ್ಲ ಕಾಕೂ, ಅಂದರೆ ಚಿಕ್ಕಮ್ಮ. ಅವರು ಮಾಡುವ ಸಂತ್ರಾ, ಅಂದರೆ ಕಿತ್ತಳೆ ಬರ್ಫಿ ತಿನ್ನದ ಕನ್ನಡದವರು ನಾಗಪುರದಲ್ಲಿ ಇರಲಿಕ್ಕಿಲ್ಲ. ಯಜಮಾನರ ತಂಗಿಯ ಮಗ ನಿತೀನ ಅವರ ಮನೆಯಲ್ಲೇ ಬೆಳೆದವನು. ಅವನೇ ಹುರಿದುಂಬಿಸಿ, ಬರ್ಫಿಯನ್ನು ವೆಬ್‌ಸೈಟಿನಲ್ಲಿ ಮಾರೋಣ ಎಂದು ಕರೆತಂದಿದ್ದ. ಈ ಹೆಸರು ನನ್ನದು, ಇದನ್ನು ಪ್ರಸನ್ನನಿಗೆ ಬಿಡುವುದಿಲ್ಲ ಎಂದುಕೊಂಡೆ. ಅವನು ಚಹಾಕ್ಕೆ ಇಳಿದು ಹೋಗಿದ್ದಾಗ ಅವರನ್ನು ನನ್ನ ಮೇಜಿನ ಮುಂದೆ ಕೂರಿಸಿದೆ.

‘ಕಾಕೂ, ಎಲ್ಲಾರೂ ನಿಮಗ ಏನು ಕರೀತಾರೋ ಅದನ್ನ ಇಡ್ರಿ. ಇಂದುಕಾಕೂ. ಅಷ್ಟ ಸಾಕು.’

ಕಾಕೂ ಸೆರಗು ಬಾಯಿಗೆ ಹಿಡಿದು ನಕ್ಕರು. ‘ಅಯ್ಯ ಶ್ರೀಪಾದ, ಮನ್ಯಾಗ ಕರಿಯೋ ಹೆಸರು ತಗೊಂಡು ಹೋಗಿ ಪ್ಯಾಟ್ಯಾಗ ಹಾಕ್ಲೇನು? ನಾಚಿಗಿ ಬರ್ತದಪಾ.’

ನಿತೀನ ಅವರಿಗಿಂತ ಜೋರಾಗಿ ನಕ್ಕ. ಅಷ್ಟರಲ್ಲಿ ಸಾಹೇಬರು ಬಾಗಿಲಲ್ಲಿ ನಿಂತು ಪ್ರಸನ್ನನನ್ನು ಕರೆದರು. ಅವನು ಮೆಟ್ಟಿಲು ಹತ್ತಿ ಬಂದ, ಕಾಕೂ ಕೊಟ್ಟ ಬರ್ಫಿ ಬಾಯಿಗೆ ಹಾಕಿಕೊಂಡ, ‘ಇದನ್ನ ಕೊಡುವಾಗ ಏನಂತ ಕೊಡ್ತೀರಮ್ಮ?’ ಎಂದು ಕೇಳಿದ. ಸಂತ್ರಾದ ತೊಳೆಯ ಆಕಾರದಲ್ಲಿ ಬರ್ಫಿ ಕತ್ತರಿಸುವುದು ಕಾಕೂನ ರೂಢಿ. ಮರಾಠಿಯಲ್ಲಿ ತೊಳೆಗೆ ಫೋಡ್ ಎನ್ನುತ್ತಾರೆ. ‘ಘ್ಯಾ, ಏಕ್ ಗೋಡ್ ಫೋಡ್ ಅಂತೀನಿ, ಒಂದು ಸಿಹಿ ತೊಳಿ ತಗೋರಿ ಅಂತ’ ಎಂದರು ಕಾಕೂ. ಆಯಿತು, ಗೋಡ್‌ಫೋಡ್. ಇಡೀ ಕಚೇರಿ ಚಪ್ಪಾಳೆ ಹೊಡೆಯಿತು. ನಾನು ಹೇಳಿದ ಹೆಸರಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಗೋಡ್‌ಫೋಡ್ ಒಳ್ಳೆಯ ಹೆಸರೇ. ಅದು ಒಳ್ಳೆಯದಾಗಿದ್ದದ್ದೇ ನನ್ನ ಸಂಕಟ.

ಆ ಹತ್ತನೆಯವರು ಕಾಕೂನೇ. ಇವತ್ತೇ ಹಿಡಿಯಿರಿ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ, ಗುಡಿ ಪಾಡವಾದ, ನಮ್ಮ ಯುಗಾದಿಯ, ಮುಹೂರ್ತವೇ ಬೇಕೆಂದರು. ಪ್ರಸನ್ನನನ್ನು ಲ್ಯಾಪ್‌ಟಾಪ್ ಸಮೇತ ಮನೆಗೆ ಕರೆದರು. ನನ್ನನ್ನೂ ಕರೆದಿದ್ದರು, ನಾನು ಹೋಗಲಿಲ್ಲ. ಹಾಗಾಗಿ ಅಲ್ಲಿ ನಡೆದದ್ದನ್ನು ಮರುದಿನ ಅವನು ಉಳಿದವರಿಗೆ ಹೇಳಿ ನಗಿಸುತ್ತಿದ್ದಾಗ ನನ್ನ ಕಂಪ್ಯೂಟರಿನ ಹಿಂದೆ ಕೂತು ಕೇಳಿಸಿಕೊಂಡೆ. ವ್ಯಾಪಾರವೆಲ್ಲ ಇನ್ನು ಫೋನಿನ ಮೇಲೇ ಎಂದು ಕಾಕೂ ತಮ್ಮ ಫೋನನ್ನು, ಕೋಲಿಗೆ ಸೀರೆ ಕಟ್ಟಿ ಏರಿಸಿದ ಗುಡಿಯ ಮುಂದೆ ಮಣೆಯ ಮೇಲಿಟ್ಟು, ಅರಿಶಿನ ಕುಂಕುಮ ಏರಿಸಿ, ಹೂವು ಮುಡಿಸಿಬಿಟ್ಟಿದ್ದರು. ನೋಂದಣಿಗೆ ಬೇಕಾದ ಓಟಿಪಿ ಬಂದದ್ದು ಅದೇ ಫೋನಿಗೆ. ಹೂವಿನ ಕೆಳಗೆ ಅದು ಗುಂಯ್ ಎನ್ನುತ್ತಿದೆ, ಆರತಿಯಾಗದೆ ಪೂಜೆಗಿಟ್ಟದ್ದನ್ನು ಎತ್ತಲು ಕಾಕೂ ಒಪ್ಪುತ್ತಿಲ್ಲ. ಆರತಿಗೆ ಭಟ್ಟರು ಬರಬೇಕು, ಭಟ್ಟರು ಇನ್ನೊಬ್ಬರ ಮನೆಯಲ್ಲಿ. ಮುಹೂರ್ತ ಜಾರುತ್ತಿದೆ. ಕೊನೆಗೆ ನಿತೀನ, ‘ಮಾಮೀ, ನನ್ನ ನಂಬರ್ ಹಾಕ್ತೀನಿ’ ಎಂದ. ನಂಬರಿನ ಜೊತೆಗೆ ಇ-ಮೇಲೂ ಅವನದಾಯಿತು, ಮಾಲೀಕರ ಜಾಗದಲ್ಲಿ ಹೆಸರೂ ಅವನದಾಯಿತು. ಎಲ್ಲರೂ ಶ್ರೀಖಂಡ ಉಂಡರು.

ನಾನು ನೇರ ಸಾಹೇಬರ ಕೋಣೆಗೆ ಹೋಗಿ, ಇದನ್ನು ಇವತ್ತೇ ಬದಲಿಸಬೇಕು ಎಂದೆ. ಸಾಹೇಬರು ‘ಘರಚಾಚ್ ಮಾಣೂಸ್ ಆಹೆ’ ಎಂದರು, ಮನೆಯವನೇ ಅಲ್ಲವೇ ಎಂದು. ಕಾಕೂಗೂ ಹೇಳಿದೆ. ‘ನಿತೀನ ಬ್ಯಾರೆ, ನಾ ಬ್ಯಾರೆ ಏನೋ?’ ಎಂದು ನನಗೇ ಗದರಿದರು.

ಸರಿ ಎಂದು ವಾಪಸು ಬಂದು, ಯಾವ ಮುಹೂರ್ತವೂ ಇಲ್ಲದ ಒಂದು ಮಧ್ಯಾಹ್ನ, ಡಬ್ಬಿ ಊಟ ಮುಗಿಸಿ ಕೈ ತೊಳೆದುಕೊಂಡು, ಇಂದುಕಾಕೂ ಎಂಬ ನಾನಿಟ್ಟ ಹೆಸರನ್ನು ನೋಂದಾಯಿಸಿದೆ. ಮಾಲೀಕರ ಜಾಗದಲ್ಲಿ ಕಾಕೂನ ಪೂರ್ತಿ ಹೆಸರನ್ನೇ ಹಾಕಿದೆ, ಫೋನು ಮತ್ತು ಇ-ಮೇಲು ಮಾತ್ರ ಕಚೇರಿಯದು. ಪ್ರತಿ ವರ್ಷ ನನ್ನ ಕೈಯಿಂದಲೇ ಕಟ್ಟಿ ನವೀಕರಿಸಿದೆ. ಇದನ್ನು ಯಾರೂ ಪರೋಪಕಾರ ಎಂದುಕೊಳ್ಳಬೇಡಿ. ಅಪ್ಪಟ ಹೊಟ್ಟೆಕಿಚ್ಚು. ಒಂದಲ್ಲ ಒಂದು ದಿನ ಪ್ರಸನ್ನನ ಹೆಸರು ಬಿದ್ದು ನನ್ನ ಹೆಸರು ಬೇಕಾಗಬೇಕು, ಆಗ ಅದು ನನ್ನ ಜೇಬಿನಲ್ಲಿರಬೇಕು, ಇಷ್ಟೇ ನನ್ನ ಆಸೆ.

ಆ ದಿನ ಬರಲೇ ಇಲ್ಲ. ಗೋಡ್‌ಫೋಡ್ ಬೆಳೆಯಿತು. ಬೇರೆ ಊರುಗಳಿಂದ ಆರ್ಡರು ಬಂದವು, ಕಾಕೂನ ಅಡುಗೆಮನೆಗೆ ಓಣಿಯ ನಾಲ್ಕು ಹೆಣ್ಣುಮಕ್ಕಳು ಕೆಲಸಕ್ಕೆ ಬಂದರು. ದೀಪಾವಳಿಗೆ ಪ್ರಸನ್ನನ ಡಬ್ಬಿ ಅವನ ಮನೆಗೆ ಹೋಗುತ್ತಿತ್ತು. ನನ್ನದು ಕಚೇರಿಗೆ ಬರುತ್ತಿತ್ತು, ಅದನ್ನು ಸಮಸ್ತ ಸ್ಟಾಫ್ ತಿನ್ನುತ್ತಿತ್ತು. ಅವನೊಂದಿಗೆ ಮಾತು ಮತ್ತೆ ಶುರುವಾಯಿತು, ಬಾಯಿ ಎಷ್ಟು ದಿನ ಮುಚ್ಚಿರಲು ಸಾಧ್ಯ. ಆದರೆ ಆ ಹೆಸರಿನ ಮಾತು ನಾನೂ ತೆಗೆಯಲಿಲ್ಲ, ಅವನೂ ತೆಗೆಯಲಿಲ್ಲ.

ನಡುವೆ ಕೆಲಸದ ರೀತಿಯೂ ಬದಲಾಯಿತು. ನಾವು ಶುರು ಮಾಡಿದಾಗ ಒಂದು ಹೆಸರು ಖಾಲಿ ಇದೆಯೇ ಎಂದು ನೋಡುವಷ್ಟರಲ್ಲಿ ಗಿರಾಕಿ ಒಂದು ನಿದ್ದೆ ತೆಗೆಯುತ್ತಿದ್ದರು. ಈಗ ಫೋನಿಗೆ ಕೇಳಿದರೆ ಅದು ಉಸಿರು ತೆಗೆಯದೆ ನೂರು ಹೆಸರು ಹೇಳುತ್ತದೆ. ಎಲ್ಲಾ ಒಂದೇ ತರಹದವು. ಆಗ ಮನಸ್ಸಿನಲ್ಲೇ, ಈಗ ಪ್ರಸನ್ನನ ಕತೆ ಮುಗಿಯಿತು ಎಂದು ಹಿಗ್ಗಿದೆ. ಗಿರಾಕಿಗಳು ಆ ನೂರು ಹೆಸರುಗಳನ್ನು ಹಿಡಿದುಕೊಂಡು ಬಂದು ‘ಇದರಲ್ಲಿ ಯಾವುದು?’ ಎಂದು ಅವನನ್ನೇ ಕೇಳತೊಡಗಿದರು. ದೇಶಮುಖ ಸಾಹೇಬರ ನಂತರ ಯಾರು ಯಾವ ಕುರ್ಚಿಯಲ್ಲಿ ಕೂತರು ಎಂಬುದನ್ನು ಮಾತ್ರ ನಾನು ಬರೆಯುವುದಿಲ್ಲ.

ಈ ವರ್ಷ ದಸರೆಗೆ ಇನ್ನೂ ಸ್ವಲ್ಪ ದಿನ ಇರುವಾಗ ಒಂದು ಬೆಳಗ್ಗೆ ಇಂದುಕಾಕೂ ಆಟೋದಲ್ಲಿ ನಮ್ಮ ಮನೆಗೆ ಬಂದಿಳಿದರು. ನೀರು ಕೊಟ್ಟೆ, ಕುಡಿಯಲಿಲ್ಲ.

‘ನಿತೀನ ಬ್ಯಾರೆ ಆದ, ಶ್ರೀಪಾದ. ಎಲ್ಲೋ ಶೆಡ್ಡು ಹಾಕ್ಯಾನ, ಮಷೀನಿನ್ಯಾಗ ಹಾಲಿನ ಪುಡಿ ಕಲಿಸಿ ಬರ್ಫಿ ಮಾಡಿಸ್ತಾನ. ಗೋಡ್‌ಫೋಡ್ ನಂದ ಅಂತಾನ. ಆರ್ಡರೆಲ್ಲಾ ಅವನ ಕಡೆ ಹೋಗ್ಲಿಕ್ಕತ್ತಾವ. ಸಿವಿಲ್ ಲೈನ್ಸಿನ್ಯಾಗ ವಕೀಲರಿಗೆ ಕೇಳ್ದೆ. ಕಾಗದದ ಮ್ಯಾಲೆ ಅವನ ಹೆಸರ ಅದಂತ. ಕೇಸು ಹಾಕಿದ್ರ ವರ್ಷಗಟ್ಟಲೆ ನಡೀತದಂತ. ದೀಪಾವಳಿ ತಪ್ಪಿದ್ರ ಆ ನಾಕು ಹೆಣ್ಣುಮಕ್ಕಳಿಗೆ ಏನು ಹೇಳ್ಲಿ? ದೂರದ ಮಂದಿಗೆ ನಾ ಎಲ್ಲಿ ಅಂತ ಹೆಂಗ ಗೊತ್ತಾಗಬೇಕು?’

ಅವರ ಕಣ್ಣಲ್ಲಿ ನೀರಿತ್ತು. ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಹೌದು, ಖುಷಿಯೇ. ಪ್ರಸನ್ನನ ಹೆಸರು ಬಿದ್ದಿತ್ತು. ಕುರ್ಚಿ ಹತ್ತಿರಕ್ಕೆಳೆದುಕೊಂಡು, ಇಷ್ಟು ವರ್ಷ ಮನಸ್ಸಿನಲ್ಲೇ ಹೇಳಿ ಹೇಳಿ ನಯಮಾಡಿಟ್ಟಿದ್ದ ಮಾತನ್ನು ಹೇಳಿದೆ. ‘ಕಾಕೂ, ಚಿಂತಿ ಬಿಡ್ರಿ. ನಿಮ್ಮ ಹೆಸರು ನಾ ಕಾದಿಟ್ಟೀನಿ.’

‘ಗೊತ್ತದ. ಪ್ರಸನ್ನಗ ಫೋನ್ ಮಾಡಿದ್ದೆ. ಕಟ್ಟಿ ಸರ್ ಹತ್ರ ಹೋಗ್ರಿ, ಇಂದುಕಾಕೂ ಅನ್ನೋ ಹೆಸರು ಅವ್ರು ಇಟ್ಟಾರ ಅಂದ. ಅದಕ್ಕ ಬಂದೆ.’

ಆ ಮಾತನ್ನೂ ಅವನು ನನಗಿಂತ ಮೊದಲೇ ಹೇಳಿ ಮುಗಿಸಿದ್ದ. ಸಿಟ್ಟಿನಲ್ಲೇ ಫೋನು ತೆಗೆದು ಹೆಸರು ಹುಡುಕತೊಡಗಿದೆ. ಹುಡುಕುತ್ತಿದ್ದ ಹಾಗೆ ಒಂದು ಸಂಗತಿ ನೆನಪಾಯಿತು. ನವೀಕರಣದ ಜ್ಞಾಪನೆಗಳು ಬರುತ್ತಿದ್ದದ್ದು ಕಚೇರಿಯ ಇ-ಮೇಲಿಗೆ. ಕಚೇರಿ ಬಿಟ್ಟ ಮೇಲೆ ನನಗೆ ಒಂದೂ ಬಂದಿರಲಿಲ್ಲ. ನಾನು ದುಡ್ಡು ಕಟ್ಟಿಯೂ ಇರಲಿಲ್ಲ. ಎರಡು ವರ್ಷದ ಹಿಂದೆಯೇ ಆ ಹೆಸರು ಹೋಗಿರಬೇಕು. ಎದುರಿಗೆ ಕಾಕೂ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಮುಖ ನೋಡುತ್ತ ಕೂತಿದ್ದರು. ಅಂಥ ಹೆದರಿಕೆ ನನಗೆ ದೇಶಮುಖ ಸಾಹೇಬರ ಮುಂದೆಯೂ ಆಗಿರಲಿಲ್ಲ.

ಹೆಸರು ಇತ್ತು. ಮಾಲೀಕರು ಕಾಕೂನೇ. ಅವಧಿ ಮುಂದಿನ ವರ್ಷದವರೆಗೆ.

ಪ್ರಸನ್ನನಿಗೆ ಫೋನು ಹಚ್ಚಿದೆ. ‘ಯಾರು ಕಟ್ಟಿದ್ರು?’ ಎಂದೆ, ನಮಸ್ಕಾರವಿಲ್ಲ, ಏನಿಲ್ಲ.

‘ನಾನೇ ಸಾರ್. ರಿಮೈಂಡರ್ ಬಂತು, ಕಟ್ಟಿಬಿಟ್ಟೆ. ನೀವು ಇಷ್ಟು ವರ್ಷ ಕಾಪಾಡ್ಕೊಂಡು ಬಂದಿದ್ದು, ಬಿಡೋಕ್ಕಾಗುತ್ತಾ? ಕಾಕೂ ಅಲ್ಲೇ ಇದ್ದಾರಾ? ಅವರ ಫೋನಿಗೆ ಓಟಿಪಿ ಕಳಿಸ್ತೀನಿ, ಎಲ್ಲಾ ಅವರ ಖಾತೆಗೇ ಹಾಕಿಬಿಡೋಣ.’

ನಾನು ಕಾಕೂನ ಕಡೆ ತಿರುಗಿದೆ. ‘ಮುಹೂರ್ತ ನೋಡೂದದ ಏನ್ರಿ?’

‘ಸುಡು ನಿನ್ನ ಮುಹೂರ್ತ. ಈಗಿಂದೀಗ ಮಾಡು’ ಎಂದರು ಕಾಕೂ. ಈ ಸಲ ಫೋನು ಅವರ ಮುಷ್ಟಿಯಲ್ಲಿತ್ತು. ಅಂಕಿ ಬಂತು, ಕನ್ನಡಕ ಏರಿಸಿಕೊಂಡು ಒಂದೊಂದೇ ಓದಿ ಹೇಳಿದರು. ಕೆಲಸ ಮುಗಿಯಿತು. ದೀಪಾವಳಿಗೆ ಮೊದಲು ಹೊಸ ಸೈಟು ಮಾಡಿಕೊಡುತ್ತೇನೆ ಎಂದು ಪ್ರಸನ್ನ ಹೇಳಿದ.

ಫೋನು ಇಡುತ್ತಾನೆ ಎಂದುಕೊಂಡೆ, ಇಡಲಿಲ್ಲ. ‘ಸಾರ್, ಒಂದು ಮಾತು. ಈ ಹೆಸರು ನಿಮಗೆ ಹೊಳೀತು, ನನಗೆ ಹೊಳೀಲಿಲ್ಲ. ಆ ರಿಮೈಂಡರ್ ಪ್ರತಿ ವರ್ಷ ಆಫೀಸ್ ಮೇಲಲ್ಲಿ ನನ್ನ ಕಣ್ಣಿಗೂ ಬೀಳ್ತಿತ್ತು. ಬಂದಾಗೆಲ್ಲ ಹೊಟ್ಟೆ ಉರೀತಿತ್ತು ಸಾರ್. ನಾನು ಇಟ್ಟಿರೋ ಎಲ್ಲಾ ಹೆಸರಿಗಿಂತ ಇದು ಚೆನ್ನಾಗಿದೆ. ಆವತ್ತೇ ನನಗೆ ಗೊತ್ತಾಗಿದ್ರೆ ಗೋಡ್‌ಫೋಡ್ ಬಾಯೇ ಬಿಡ್ತಿರಲಿಲ್ಲ. ಆವಾಗ ನೀವು ಮಾತು ಬಿಟ್ಟಿದ್ರಲ್ಲ.’

ಕಿವಿಯಿಂದ ಫೋನು ತೆಗೆದು ಒರೆಸಿ ಮತ್ತೆ ಹಿಡಿದೆ.

‘ಪ್ರಸನ್ನ, ಸ್ಪೀಕರಿಗೆ ಹಾಕ್ತೀನಿ. ಹೊಟ್ಟಿ ಉರೀತಿತ್ತು ಅಂದ್ಯಲ್ಲ, ಅಲ್ಲಿಂದ ಇನ್ನೊಮ್ಮೆ ಹೇಳು.’

ಪುಣ್ಯಾತ್ಮ ಒಂದಕ್ಷರ ಬಿಡದೆ ಇನ್ನೊಮ್ಮೆ ಹೇಳಿದ. ನಾನು ಫೋನನ್ನು ಕಾಕೂನ ಮುಖದ ಹತ್ತಿರ ಹಿಡಿದು, ಅವರು ನನ್ನ ಕಡೆ ತಿರುಗುವುದನ್ನೇ ಕಾಯುತ್ತಿದ್ದೆ. ಕಾಕೂ ಕೊನೆಯವರೆಗೆ ಕೇಳಿದರು. ಆಮೇಲೆ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ನಿಟ್ಟುಸಿರು ಬಿಟ್ಟರು.

‘ಎಷ್ಟು ದೊಡ್ಡ ಮನಸ್ಸಿನ ಹುಡುಗ ನೋಡೋ, ಶ್ರೀಪಾದ!’